ಮರದ ಲೆಕ್ಕ, ತೊರಕೆಯ ಲೆಕ್ಕ

ಇವತ್ತು ಒಂದೇ ಒಂದು ತಕರಾರು ಹೊತ್ತು ಬಂದಿದ್ದೇನೆ. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಜಗತ್ತಿನ ಕೆಂಪು ಪಟ್ಟಿಯಲ್ಲಿ ಮೆಕಾಂಗ್ ನದಿಯ ದೈತ್ಯ ತೊರಕೆ ಮೀನು 'ಅಪಾಯದಲ್ಲಿದೆ'. ವಿಯೆಟ್ನಾಂ, ಲಾವೋಸ್, ಚೀನಾಗಳ ಜೌಗಿನ ಗ್ಲಿಪ್ಟೊಸ್ಟ್ರೋಬಸ್, ಅಂದರೆ ಪೈನ್, ದೇವದಾರುಗಳ ಬಳಗದ ಮರ, 'ತೀವ್ರ ಅಪಾಯದಲ್ಲಿದೆ'. ಮೀನಿಗೂ ಮರಕ್ಕೂ ಒಂದೇ ಏಣಿ. ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎನ್ನುವುದಕ್ಕಿಂತ, ಮುಂದಿನ ಪೀಳಿಗೆ ಎಲ್ಲಿದೆ ಎಂದು ಮೊದಲು ಕೇಳಬೇಕು ಎನ್ನುವುದು ನನ್ನ ವಾದ.

ಇದನ್ನು ಕಲಿಸಿದವರು ನಮ್ಮ ಮೇಷ್ಟ್ರು. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗೆ, ಅಂದರೆ ಆ ಮರಗಳ ಜೌಗಿಗೆ, ಕರೆದೊಯ್ದು, ಕೆಸರಿನಲ್ಲಿ ನಿಲ್ಲಿಸಿ, "ಮೇಲೆ ನೋಡಿದ್ದು ಸಾಕು, ಬುಡದಲ್ಲಿ ಸಸಿ ಎಷ್ಟಿವೆ ಎಣಿಸ್ರೋ" ಎಂದಿದ್ದರು. ಉಸಿರಿಗಾಗಿ ಮಂಡಿ ಮಡಚಿದಂತೆ ಮೇಲೆದ್ದ ಬೇರುಗಳು; ಅವುಗಳ ಸಂದಿಯಲ್ಲಿ ನಾಲ್ಕೆಲೆಯ ಸಸಿಗಳು. ಆ ದಿನ ಎಣಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಗ್ಲಿಪ್ಟೊಸ್ಟ್ರೋಬಸ್‌ಗೂ ಅಂಥದೇ ಮಂಡಿಬೇರು. ವಿಯೆಟ್ನಾಮಿ ಭಾಷೆಯಲ್ಲಿ ಅದರ ಹೆಸರಿನ ಅರ್ಥವೇ ನೀರಿನ ಪೈನ್. ವಿಯೆಟ್ನಾಮಿನ ಡಾಕ್ ಲಾಕ್ ಪ್ರಾಂತ್ಯದಲ್ಲಿ ಅದರ ಜೌಗನ್ನು ಕಾಫಿ ತೋಟಗಳು ಒತ್ತಿಕೊಂಡು ಬಂದವು. ಹಳೆಯ ಮರಗಳು ನಿಂತಿವೆ, ಬುಡದಲ್ಲಿ ಸಸಿಯಿಲ್ಲ.

ಆ ಪ್ರಾಂತ್ಯದ ಬಹುಪಾಲು ನೀರು ಸ್ರೆಪೋಕ್ ಹೊಳೆಯಲ್ಲಿ ಹರಿದು, ಕಾಂಬೋಡಿಯಾದ ಸ್ಟುಂಗ್ ಟ್ರೆಂಗ್ ಬಳಿ ಮೆಕಾಂಗ್ ಸೇರುತ್ತದೆ. 2022ರ ಜೂನ್‌ನಲ್ಲಿ ಅದೇ ಸೀಮೆಯ ಬೆಸ್ತರೊಬ್ಬರ ಗಾಳಕ್ಕೆ ಸುಮಾರು 300 ಕಿಲೋ ತೂಕದ, ನಾಲ್ಕು ಮೀಟರಿನಷ್ಟು ಉದ್ದದ ಹೆಣ್ಣು ತೊರಕೆ ಸಿಕ್ಕಿತು. ಸಂಶೋಧಕರು ಅದಕ್ಕೆ ಗುರುತಿನ ಸಾಧನ ಕಟ್ಟಿ ಜೀವಂತ ಬಿಟ್ಟರು. ಇಡೀ ಜಗತ್ತು ಆ ತೂಕವನ್ನು ಕೊಂಡಾಡಿತು. ನನಗೆ ಮಾತ್ರ ಅದರ ಮರಿಗಳದೇ ಚಿಂತೆ. ಈ ಮೀನು ಮೊಟ್ಟೆಯಿಡುವುದಿಲ್ಲ, ಒಂದು ಬಸಿರಿಗೆ ಕೆಲವೇ ಮರಿ ಹೆರುತ್ತದೆ. ಬಲೆ, ಗಾಳಗಳ ಜೊತೆಗೆ ಈಗ ಅಣೆಕಟ್ಟುಗಳೂ ಬಂದಿವೆ. ಸ್ರೆಪೋಕ್ ಕೂಡುವ ಸೆಸಾನ್ ಹೊಳೆಗೆ ಕಟ್ಟಿದ ಲೋವರ್ ಸೆಸಾನ್ 2 ಅಣೆಕಟ್ಟು 2018ರಲ್ಲಿ ಉದ್ಘಾಟನೆಯಾಯಿತು.

ಚೀನಾದಲ್ಲಿ ಗ್ಲಿಪ್ಟೊಸ್ಟ್ರೋಬಸ್ ಮರವನ್ನು ನೆಟ್ಟು ಬೆಳೆಸಿದ್ದಾರೆ. ತೊರಕೆಯನ್ನು ಹಾಗೆ ನೆಡಲಾಗದು. ಹಾಗಾದರೆ ಮೀನಿನ ಪಾಡೇ ಹೆಚ್ಚು ಕಷ್ಟದ್ದೇ? ಅಥವಾ ತನ್ನ ಕೆಸರಿನಲ್ಲಿ ತಾನೇ ಮೊಳೆಯಲಾರದ ಮರವನ್ನು ಉಳಿಯಿತು ಎನ್ನಬಹುದೇ? ಇಷ್ಟು ವರ್ಷ ಯೋಚಿಸಿಯೂ ಒಂದು ಕಡೆ ವಾಲಲು ನನ್ನಿಂದ ಆಗಿಲ್ಲ. ನೀವು ಯಾವ ಕಾಡಿಗೆ, ಯಾವ ಹೊಳೆಗೆ ಹೋದರೂ ದೊಡ್ಡದನ್ನು ನೋಡಿ ಹಿಂತಿರುಗಬೇಡಿ. ಬಗ್ಗಿ, ಚಿಕ್ಕದನ್ನು ಎಣಿಸಿ ಬನ್ನಿ.