ಸೋರುವ ಕವಾಟ: ನಳ ಮತ್ತು ಸೈಕಲ್



ವಿಜ್ಞಾನದ ಪಾಠದಲ್ಲಿ ಹೃದಯದ ಕವಾಟ ಬರುತ್ತದೆ. ರಕ್ತವನ್ನು ಮುಂದಕ್ಕೆ ಬಿಟ್ಟು, ಹಿಂದಕ್ಕೆ ಬಾರದಂತೆ ತಡೆಯುವ ಬಾಗಿಲು ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅಂಥದೇ ಕವಾಟ ಅಂಗಳದಲ್ಲಿ ನಿಂತ ಸೈಕಲ್ಲಿನ ಗಾಲಿಯಲ್ಲಿದೆ; ಅದರ ಸೋದರ, ಕೈಯಿಂದ ತಿರುಗಿಸಿ ಮುಚ್ಚುವ ಬಾಗಿಲು, ಟಾಕಿಯ ಕೆಳಗಿನ ನಳದಲ್ಲಿದೆ. ಎರಡೂ ಸೋರುತ್ತಿರುತ್ತವೆ. ಆದರೂ ಪಾಠ ಪುಸ್ತಕದಲ್ಲಿಯೇ ಉಳಿಯುತ್ತದೆ.

ಜತ್ತ, ಅಕ್ಕಲಕೋಟೆಗಳಂತಹ ಕಡಿಮೆ ಮಳೆಯ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಟಾಕಿ ಮಧ್ಯಾಹ್ನಕ್ಕೆ ಬರಿದಾದರೆ ಊಟದ ತಟ್ಟೆ ತೊಳೆಯಲು ನೀರಿಲ್ಲ. ಹೊಲದ ವಸತಿಯಿಂದ ಸೈಕಲ್ ತುಳಿದು ಬರುವ ಹುಡುಗಿಯ ಗಾಲಿ ಬೆಳಿಗ್ಗೆ ನೆಲ ಹಿಡಿದಿದ್ದರೆ ಆ ದಿನದ ಹಾಜರಿಯೇ ಇಲ್ಲ.

ಮೊದಲು ನಳ. ನೀರು ಎಲ್ಲಿಂದ ಬರುತ್ತದೆಂಬುದನ್ನು ನೋಡದೆ ಪಾನಾ ಹಿಡಿಯಬಾರದು. ಮುಚ್ಚಿದ ಮೇಲೂ ಬಾಯಿಂದ ಹನಿಯುತ್ತಿದ್ದರೆ ಒಳಗಿನ ವಾಷರ್ ಸವೆದಿದೆ, ಇಲ್ಲವೆ ಅದು ಕೂಡುವ ಪೀಠ ಕೆಟ್ಟಿದೆ. ನಳ ತೆರೆದಾಗ ಹಿಡಿಕೆಯ ಕೆಳಗಿನಿಂದ, ತಿರುಗುವ ದಂಡವನ್ನು ಹಿಡಿದು ನೀರು ಜಿನುಗಿದರೆ ದೋಷ ಬೇರೆ: ದಂಡದ ಸುತ್ತ ತುಂಬಿದ ಪ್ಯಾಕಿಂಗ್ ಸಡಿಲವಾಗಿದೆ. ಅದರ ಮೇಲಿನ ನಟ್ಟನ್ನು ಕಾಲು ಸುತ್ತು ಬಿಗಿದರೆ ಬಹಳ ಸಲ ಅಷ್ಟೇ ಸಾಕು. ಸಾಲದಿದ್ದರೆ ಮೇಲಿನ ಗೇಟ್ ವಾಲ್ವ್ ಮುಚ್ಚಿ, ನಟ್ಟು ಬಿಚ್ಚಿ, ಟೆಫ್ಲಾನ್ ಟೇಪನ್ನು ದಾರದಂತೆ ಹೊಸೆದು ದಂಡಕ್ಕೆ ನಟ್ಟು ಬಿಗಿಯುವ ದಿಕ್ಕಿನಲ್ಲಿಯೇ ಸುತ್ತಿ, ಮತ್ತೆ ಬಿಗಿಯಬೇಕು. ಉತ್ಸಾಹದಿಂದ ಅತಿಯಾಗಿ ಬಿಗಿದರೆ ನಳ ಸೋರುವುದಿಲ್ಲ, ಮಕ್ಕಳ ಕೈಗೆ ತಿರುಗುವುದೂ ಇಲ್ಲ.

ದುರಸ್ತಿಗೆ ಮುನ್ನ ಸೋರಿಕೆಯನ್ನು ಅಳೆಯಿಸಬಹುದು. 10 ನಿಮಿಷಕ್ಕೆ 250 ಮಿಲಿಲೀಟರ್ ಪಾತ್ರೆ ತುಂಬಿದರೆ ದಿನಕ್ಕೆ 36 ಲೀಟರ್. ಗುಣಾಕಾರವನ್ನು ಮಕ್ಕಳೇ ಮಾಡಲಿ.

ಸೈಕಲ್ಲಿನ ವಿಷಯ ಹೆಚ್ಚು ಸ್ವಾರಸ್ಯದ್ದು. ಗಾಳಿ ತುಂಬಿದ ಟೈರಿಗೆ ಡನ್ಲಪ್ ಪೇಟೆಂಟ್ ಪಡೆದದ್ದು 1888ರಲ್ಲಿ. ಅವರ ಹೆಸರಿನಿಂದಲೇ ಕರೆಯುವ ವಾಲ್ವು ನಮ್ಮ ಹಳ್ಳಿಗಳ ಸೈಕಲ್ಲುಗಳಲ್ಲಿ ಇಂದಿಗೂ ಇದೆ. ಅದರೊಳಗೆ ಲೋಹದ ಒಂದು ಚಿಕ್ಕ ನಳಿಗೆ. ನಳಿಗೆಯ ಬದಿಯಲ್ಲಿ ಒಂದು ರಂಧ್ರ. ರಂಧ್ರವನ್ನು ಮುಚ್ಚಿದ ತೆಳು ರಬ್ಬರಿನ ಚೀಲ. ಅಂಗಡಿಯಲ್ಲಿ ಇದನ್ನು ವಾಲ್ ಟ್ಯೂಬ್ ಎನ್ನುತ್ತಾರೆ. ಪಂಪು ಒತ್ತಿದಾಗ ಗಾಳಿ ರಬ್ಬರನ್ನು ಉಬ್ಬಿಸಿ ಒಳಗೆ ನುಗ್ಗುತ್ತದೆ. ಒತ್ತುವುದು ನಿಂತೊಡನೆ ಟ್ಯೂಬಿನೊಳಗಿನ ಗಾಳಿಯೇ ರಬ್ಬರನ್ನು ರಂಧ್ರಕ್ಕೆ ಅದುಮಿ ಹಿಡಿಯುತ್ತದೆ. ಹೊರಬರಲು ಹವಣಿಸುವ ಗಾಳಿಯೇ ಬಾಗಿಲನ್ನು ಭದ್ರಪಡಿಸುವ ಈ ಉಪಾಯವನ್ನು ಬಿಚ್ಚಿ ತೋರಿಸಿದರೆ ಹೃದಯದ ಕವಾಟಕ್ಕೆ ಬೇರೆ ಚಿತ್ರ ಬೇಕಾಗದು.

ಪರೀಕ್ಷೆ ಸುಲಭ. ಗಾಲಿಯನ್ನು ತಿರುಗಿಸಿ ವಾಲ್ವನ್ನು ಮೇಲಕ್ಕೆ ತಂದು, ಟೊಪ್ಪಿಗೆ ತೆಗೆದು, ಬಾಯಿಗೆ ಸಾಬೂನು ನೀರಿನ ಒಂದು ಹನಿ ಬಿಡಬೇಕು. ಗುಳ್ಳೆ ಎದ್ದರೆ ಮೊದಲು ಚಿಕ್ಕ ನಟ್ಟನ್ನು ಕೈಯಿಂದ ಬಿಗಿಯುವುದು. ಆದರೂ ಎದ್ದರೆ ರಬ್ಬರು ಬದಲಿಸುವುದು. ಹೊಸ ರಬ್ಬರನ್ನು ನೀರಿನಲ್ಲಿ ತೋಯಿಸಿ ರಂಧ್ರ ಪೂರ್ತಿ ಮುಚ್ಚುವಂತೆ ತೊಡಿಸಬೇಕು. ಜಾರಲೆಂದು ಎಣ್ಣೆ ಹಚ್ಚುವವರಿದ್ದಾರೆ. ಎಣ್ಣೆ ರಬ್ಬರನ್ನು ಕೊಳೆಸುತ್ತದೆ.

ವಾಲ್ವಿನ ಬುಡದಲ್ಲಿ, ಅದು ಟ್ಯೂಬಿಗೆ ಕೂಡುವಲ್ಲಿ, ಸೋರಿಕೆಯಿದ್ದರೆ ಟ್ಯೂಬನ್ನು ಹೊರತೆಗೆದು ನೀರಿನಲ್ಲಿ ಮುಳುಗಿಸಿದಾಗಲೇ ಕಾಣುವುದು. ಅಲ್ಲಿ ತೇಪೆ ನಿಲ್ಲುವುದು ಕಷ್ಟ, ಟ್ಯೂಬು ಬದಲಿಸುವುದೇ ದಾರಿ. ಕಡಿಮೆ ಗಾಳಿಯಲ್ಲಿ ತುಳಿದಾಗ ಟೈರು ರಿಮ್ಮಿನ ಮೇಲೆ ಸರಿಯುತ್ತದೆ, ಟ್ಯೂಬನ್ನೂ ಎಳೆಯುತ್ತದೆ, ವಾಲ್ವು ಓರೆಯಾಗಿ ಬುಡ ಹರಿಯುತ್ತದೆ. ಓರೆಯಾದ ವಾಲ್ವು ಕಂಡ ದಿನವೇ ಗಾಳಿ ಬಿಟ್ಟು, ಟೈರನ್ನು ಸರಿಸಿ ನೆಟ್ಟಗೆ ಮಾಡಿ, ಮತ್ತೆ ತುಂಬಿದರೆ ಟ್ಯೂಬು ಉಳಿಯುತ್ತದೆ.

ದುರಸ್ತಿಯ ಮರುದಿನ ಹುಡುಗಿಯೇ ಹೆಬ್ಬೆರಳಿನಿಂದ ಒತ್ತಿ ನೋಡಲಿ. ಗಾಲಿ ಮೆತ್ತಗಿದ್ದರೆ ವಾಲ್ವಿನ ಬುಡ ನೋಡಬೇಕು, ಅಲ್ಲಿಯೂ ಇಲ್ಲದಿದ್ದರೆ ಮುಳ್ಳು ಹುಡುಕಬೇಕು. ಆ ಸೀಮೆಯಲ್ಲಿ ಜಾಲಿಮುಳ್ಳಿಗೆ ಎಂದೂ ಬರವಿಲ್ಲ.