ಗಿಡದ ಬುಡದಲ್ಲೊಂದು ಮಡಕೆ



ಮಳೆಗಾಲದಲ್ಲಿ ಹಿತ್ತಲಿನಲ್ಲಿಯೋ ಹೊಲದ ಬದುವಿನಲ್ಲಿಯೋ ನೆಟ್ಟ ಮಾವು, ಸಪೋಟ, ನಿಂಬೆ ಸಸಿಗಳು ಬೇಸಿಗೆಯಲ್ಲಿ ಒಣಗಿ ಹೋಗುವುದು ಬಯಲುಸೀಮೆಯ ರೈತರಿಗೆ ತಿಳಿದ ಸಂಗತಿ. ಮನೆಯ ಹೆಣ್ಣುಮಕ್ಕಳು ದೂರದಿಂದ ಹೊತ್ತು ತಂದ ನೀರನ್ನು ಪಾತಿಗೆ ಸುರಿದರೆ ಒಂದು ಪಾಲು ಬಿಸಿಲಿಗೆ ಆವಿಯಾಗುತ್ತದೆ, ಇನ್ನೊಂದು ಪಾಲು ಕಳೆಗೆ ಹೋಗುತ್ತದೆ. ಅದೇ ನೀರನ್ನು ನೆಲದಲ್ಲಿ ಹೂತ ಮಡಕೆಗೆ ತುಂಬಿದರೆ ನೇರವಾಗಿ ಬೇರಿಗೆ ದೊರೆಯುತ್ತದೆ.

ಈ ಪದ್ಧತಿ ಹಳೆಯದು. ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಚೀನಾದ ಫಾನ್ ಶೆಂಗ್‌ಝಿ ಇದನ್ನು ತನ್ನ ಕೃಷಿ ಗ್ರಂಥದಲ್ಲಿ ವಿವರಿಸಿದ್ದಾನೆ. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯಲ್ಲಿ ಇದರ ಪ್ರಯೋಗಗಳು ನಡೆದವು.

ನೀರು ಜಿನುಗುವ ಬಗೆ

ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಸುತ್ತಲಿನ ಮಣ್ಣು ಒಣಗಿದಾಗ ಅದು ಈ ರಂಧ್ರಗಳ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮಣ್ಣು ತೇವವಾದಂತೆ ಎಳೆತ ಕಡಿಮೆಯಾಗಿ ನೀರು ನಿಧಾನವಾಗುತ್ತದೆ. ಹೀಗೆ ಗಿಡಕ್ಕೆ ಬೇಕಾದಷ್ಟನ್ನು ಮಣ್ಣೇ ಪಡೆಯುತ್ತದೆ.

ಮಡಕೆಯ ಆಯ್ಕೆ

5ರಿಂದ 10 ಲೀಟರ್ ಹಿಡಿಯುವ, ಮೆರುಗಾಗಲಿ ಬಣ್ಣವಾಗಲಿ ಹಾಕದ ಮಡಕೆ ಸೂಕ್ತ. ನೀರು ತುಂಬಿ ಒಂದು ರಾತ್ರಿ ಇಟ್ಟು ನೋಡಬೇಕು. ಹೊರಮೈ ತೇವಗೊಂಡಿದ್ದರೆ ಸರಿ. ಮೈ ಒಣಗಿಯೇ ಇದ್ದರೆ ಅಥವಾ ನೀರು ಸೋರಿದರೆ ಅಂತಹ ಮಡಕೆ ಬೇಡ.

ಹೂಳುವ ಕ್ರಮ

ಮಡಕೆಗಿಂತ ಸುತ್ತಲೂ ಒಂದು ಗೇಣು ಅಗಲವಾದ ಗುಣಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಮಡಕೆಯನ್ನಿಟ್ಟು, ಮಣ್ಣು ಮೈಗೆ ಅಂಟುವಂತೆ ಒತ್ತಿ ತುಂಬಬೇಕು. ಮಡಕೆಯ ಪಕ್ಕದಲ್ಲಿ ಸಸಿ ನೆಡಬಹುದು, ಇಲ್ಲವೆ ಸುತ್ತಲೂ ನಾಲ್ಕಾರು ಹೀರೆ, ಹಾಗಲ, ಸೋರೆ ಬೀಜ ಊರಬಹುದು. ಬೀಜ ಮೊಳೆತು ಬೇರು ಇಳಿಯುವವರೆಗೆ ಮೇಲಿನಿಂದಲೂ ನೀರು ಚಿಮುಕಿಸಬೇಕು. ಬಾಯಿಗೆ ಮುಚ್ಚಳವಿಟ್ಟರೆ ಸೊಳ್ಳೆ ಮೊಟ್ಟೆಯಿಡುವುದಿಲ್ಲ.

ಎಚ್ಚರಿಕೆಗಳು

ಕೆಸರು ನೀರು ರಂಧ್ರಗಳನ್ನು ಮುಚ್ಚುತ್ತದೆ. ಬಟ್ಟೆಯಲ್ಲಿ ಸೋಸಿ ತುಂಬಬೇಕು. ನೀರು ಅರ್ಧಕ್ಕಿಳಿದಾಗಲೇ ಮತ್ತೆ ತುಂಬುವುದು ಒಳ್ಳೆಯದು. ಎಷ್ಟು ದಿನಕ್ಕೊಮ್ಮೆ ಎಂಬುದು ಮಣ್ಣು, ಬಿಸಿಲು, ಗಿಡದ ಗಾತ್ರಗಳನ್ನು ಅವಲಂಬಿಸಿದೆ. ಒಣಗಿದಾಗ ಬಿರಿಯುವ ಎರೆಭೂಮಿಯಲ್ಲಿ ಮಡಕೆ ಒಡೆಯುವ ಸಂಭವವುಂಟು. ಒಂದೊಂದನ್ನೂ ಕೈಯಿಂದ ತುಂಬಬೇಕಾದ್ದರಿಂದ ಎಕರೆಗಟ್ಟಲೆ ಜೋಳಕ್ಕೆ ಇದು ಹೊಂದದು. ಹಿತ್ತಲ ತರಕಾರಿಗೂ ಎಳೆಯ ಹಣ್ಣಿನ ಗಿಡಗಳಿಗೂ ಹೊಂದುತ್ತದೆ.

ಮನೆಯಂಗಳದ ದೊಡ್ಡ ಕುಂಡಗಳಲ್ಲಿಯೂ ನಡುವೆ ಸಣ್ಣ ಕುಡಿಕೆ ಹೂತು ತುಂಬಿಟ್ಟರೆ, ಮನೆಯವರು ನಾಲ್ಕು ದಿನ ಊರಿಗೆ ಹೋದರೂ ತುಳಸಿ, ಗುಲಾಬಿ ಬಾಡುವುದು ತಪ್ಪುತ್ತದೆ.

ಬೇಸಿಗೆಗೆ ಮುನ್ನ ಎರಡು ಸಸಿಗಳ ಬಳಿ ಮಡಕೆ ಹೂತು, ಪಾತಿಗೆ ನೀರು ಹಾಕಿದ ಎರಡು ಸಸಿಗಳೊಡನೆ ಹೋಲಿಸಿ ನೋಡಿರಿ. ಹೊರಬೇಕಾದ ಕೊಡಗಳನ್ನು ಎಣಿಸಿದರೆ ಲಾಭ ತಾನಾಗಿಯೇ ತಿಳಿಯುತ್ತದೆ.