ಬೆಳಗಿನ ಜಾವ ಮೀನು ಬಾಯಿ ತೆರೆದರೆ



2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಬಯಲುಸೀಮೆಯ ಎಷ್ಟೋ ಹೊಲಗಳಲ್ಲಿ ಹೊಂಡಗಳಾದವು. ಕೆಲವರು ಅದರಲ್ಲಿ ಕಾಟ್ಲಾ, ರೋಹು ಮರಿಗಳನ್ನೂ ಬಿಟ್ಟಿದ್ದೀರಿ. ಸಂಜೆ ಚೆನ್ನಾಗಿ ಆಡುತ್ತಿದ್ದ ಮೀನು ಬೆಳಗಾಗುವುದರೊಳಗೆ ಸತ್ತು ತೇಲಿದರೆ, ಯಾರೋ ವಿಷ ಹಾಕಿದರು ಅಂತ ಅನುಮಾನ ಬರುತ್ತದೆ. ಅಕ್ಕಪಕ್ಕದವರಲ್ಲಿ ಜಗಳವೂ ಆಗುತ್ತದೆ. ಜಗಳಕ್ಕೆ ಮುಂಚೆ ನೀರಿನ ಬಣ್ಣ ನೋಡಿ.

ನೀರು ಹಸಿರಾಗಿದ್ದರೆ ಅದರಲ್ಲಿ ಪಾಚಿ ತುಂಬಿದೆ ಎಂದು ಅರ್ಥ. ಬಿಸಿಲಿರುವಾಗ ಪಾಚಿ ಇಂಗಾಲಾಮ್ಲ ವಾಯುವನ್ನು ಹೀರಿ ಪ್ರಾಣವಾಯುವನ್ನು ಬಿಡುತ್ತದೆ. ಹೊತ್ತು ಮುಳುಗಿತೋ, ಈ ಕೆಲಸ ನಿಂತಿತು. ಆಮೇಲೆ ಮೀನು, ಪಾಚಿ, ತಳದಲ್ಲಿ ಕೊಳೆಯುವ ಗೊಬ್ಬರ ಎಲ್ಲವೂ ಇಡೀ ರಾತ್ರಿ ಪ್ರಾಣವಾಯುವನ್ನು ಬಳಸಿ ಇಂಗಾಲಾಮ್ಲವನ್ನೇ ಬಿಡುತ್ತವೆ. ಹೀಗಾಗಿ ಸೂರ್ಯ ಹುಟ್ಟುವ ಮುಂಚೆ ಪ್ರಾಣವಾಯು ತೀರ ಕಡಿಮೆ, ಇಂಗಾಲಾಮ್ಲ ತೀರ ಹೆಚ್ಚು. ಇಂಗಾಲಾಮ್ಲ ಏರಿದಾಗ, ಇರುವಷ್ಟು ಪ್ರಾಣವಾಯುವನ್ನೂ ಮೀನಿನ ರಕ್ತ ಸರಿಯಾಗಿ ಹಿಡಿದುಕೊಳ್ಳಲಾರದು. ಮೀನು ಮೇಲೆ ಬಂದು ಬಾಯಿ ತೆರೆಯುವುದು ಇದಕ್ಕೇ. ಮೋಡ ಮುಚ್ಚಿದ ದಿನದ ಮರುಬೆಳಗ್ಗೆ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಏನು ಮಾಡಬೇಕು? ಕೈಯನ್ನು ನೀರಿನಲ್ಲಿ ನೆಟ್ಟಗೆ ಇಳಿಸಿ. ಸುಮಾರು 20 ಸೆಂಟಿಮೀಟರು ಆಳಕ್ಕೇ ಅಂಗೈ ಕಾಣದಂತಾದರೆ ಪಾಚಿ ಮಿತಿಮೀರಿದೆ. ಅಂದಿನಿಂದ ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿ. ಮೋಡದ ದಿನ ತಿಂಡಿ ಕೊಡಬೇಡಿ. ಪಾಚಿಯನ್ನೆಲ್ಲ ಔಷಧಿ ಹಾಕಿ ಒಂದೇ ಸಲ ಕೊಲ್ಲಬೇಡಿ. ಸತ್ತ ಪಾಚಿ ಕೊಳೆತು ಇನ್ನಷ್ಟು ಪ್ರಾಣವಾಯುವನ್ನು ತಿನ್ನುತ್ತದೆ. ಮೀನಿರುವ ಹೊಂಡಕ್ಕೆ ಸುಟ್ಟ ಸುಣ್ಣವನ್ನೂ ಸುರಿಯಬೇಡಿ. ನೀರಿನ ಕ್ಷಾರ ಏಕಾಏಕಿ ಏರಿ ಮೀನು ಸಾಯಬಹುದು.

ಮೀನು ಬಾಯಿ ತೆರೆದದ್ದು ಕಂಡಿರೋ, ತಡಮಾಡದೆ ಪಂಪು ಹಚ್ಚಿ. ಹೊಂಡದ ನೀರನ್ನೇ ಎತ್ತಿ, ಮೇಲಿನಿಂದ ಮಳೆಯಂತೆ ಚಿಮ್ಮಿಸಿ ಬೀಳಿಸಿ. ಗಾಳಿ ತಾಗಿದ ನೀರು ಇಂಗಾಲಾಮ್ಲವನ್ನು ಬಿಟ್ಟು ಪ್ರಾಣವಾಯುವನ್ನು ತುಂಬಿಕೊಳ್ಳುತ್ತದೆ. ಕೊಳವೆ ಬಾವಿಯ ನೀರು ಹೊಸದು, ಒಳ್ಳೆಯದು ಅಂತ ನೇರವಾಗಿ ಬಿಡಬೇಡಿ. ನೆಲದಾಳದ ನೀರಿನಲ್ಲಿ ಹಲವು ಕಡೆ ಪ್ರಾಣವಾಯು ಕಡಿಮೆ, ಇಂಗಾಲಾಮ್ಲ ಹೆಚ್ಚು. ಅದನ್ನೂ ಕಲ್ಲಿನ ಮೇಲೆ ಹರಡಿ ಬೀಳಿಸಿಯೇ ಒಳಗೆ ಬಿಡಿ.

ಹಾಲು ಕರೆಯಲು ಏಳುವ ಹೊತ್ತಿಗೇ ಮನೆಯವರೊಬ್ಬರು ಹೊಂಡದ ದಂಡೆಗೂ ಹೋಗಿ ಬರಲಿ. ಮಧ್ಯಾಹ್ನ ನೋಡಿದರೆ ಎಲ್ಲ ಹೊಂಡವೂ ಚೆನ್ನಾಗಿಯೇ ಕಾಣುತ್ತದೆ. ಅದರ ನಿಜವಾದ ಸ್ಥಿತಿ ತಿಳಿಯುವುದು ನಸುಕಿನಲ್ಲಿ.